ಬ್ಲ್ಯಾಕ್‌ಬೆರಿ ಗಿಡವೂ ಕಟ್ಟೆಯ ಮೇಲಿನ ಉಪ್ಪೂ

ಆಗ ನನಗೆ ಅರವತ್ತೆಂಟು. ಐದು ವರ್ಷದ ಹಿಂದಿನ ಮಾತು. ಮರೆತೇಬಿಟ್ಟಿದ್ದೆ ಅಂದರೆ ಸುಳ್ಳಾಗುತ್ತದೆ, ಮರೆಯುವ ಸ್ವಭಾವ ನನ್ನದಲ್ಲ. ಆದರೆ ಇವತ್ತು ಬೆಳಿಗ್ಗೆ ಗಿಡಗಳಿಗೆ ನೀರು ಹಾಕಲು ಟೆರೇಸಿಗೆ ಹೋದಾಗ ಕಟ್ಟೆಯ ಮೇಲೆ ಒಂದಿಷ್ಟು ಉಪ್ಪು ಬಿದ್ದಿತ್ತು. ಬೆರಳಿಗೆ ಒತ್ತಿಕೊಂಡು ನಾಲಿಗೆಗೆ ಇಟ್ಟು ನೋಡಿದೆ. ಉಪ್ಪೇ. ಉಪ್ಪು ತಾನಾಗಿ ಮೆಟ್ಟಿಲು ಹತ್ತಿ ಬರುವುದಿಲ್ಲ. ಯಾರೋ ತಂದಿದ್ದಾರೆ. ತಂದವರು ನನ್ನ ಗಿಡದ ಹತ್ತಿರ ನಿಂತಿದ್ದಾರೆ. ಹಳೆಯದೆಲ್ಲ ನೆನಪಾಗಲು ಅಷ್ಟು ಸಾಕಾಯಿತು.

ನಮ್ಮದು ಮುಂಬೈಯ ಆಂಟಾಪ್ ಹಿಲ್‌ನ ಹಳೆಯ ಬಿಲ್ಡಿಂಗ್. ಲಿಫ್ಟ್ ಇಲ್ಲ. ಎಲ್ಲಕ್ಕಿಂತ ಮೇಲಿನ ಮಾಳಿಗೆಯಲ್ಲಿ ಎರಡೇ ಮನೆ. ಒಂದು ನನ್ನದು, ಎದುರಿನದು ಕಸ್ತೂರಕ್ಕನದು. ಎರಡೂ ಬಾಗಿಲಿನ ನಡುವೆ ಟೆರೇಸಿಗೆ ಹೋಗುವ ಮೆಟ್ಟಿಲು. ಟೆರೇಸಿನ ಕೀಲಿ ಮಾತ್ರ ಕಸ್ತೂರಕ್ಕನ ಬಾಗಿಲ ಪಕ್ಕದ ಮೊಳೆಗೆ. ಅವಳ ಗಂಡ ನೀರಿನ ಟಾಂಕಿ ನೋಡಿಕೊಳ್ಳುತ್ತಾರೆ ಅನ್ನುವ ನೆಪ. ಅವಳು ಗೋಕಾಕದ ಕಡೆಯವಳು, ನಾನು ವಿಜಾಪುರದ ಕಡೆಯವಳು. ತಮಿಳರು, ಮರಾಠಿಗರು, ಉತ್ತರದ ಕಡೆಯ ಭಯ್ಯಾಗಳು ತುಂಬಿದ ಬಿಲ್ಡಿಂಗಿನಲ್ಲಿ ನಾವಿಬ್ಬರೇ ಕನ್ನಡ ಆಡುವವರು. ಹಾಗಾಗಿ ಸ್ನೇಹ ಬೆಳೆಯಿತು. ಬೇರೆ ಜನ ಸಿಕ್ಕಿದ್ದರೆ ನಾನು ಅವಳನ್ನೇ ಆರಿಸುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ.

ನನ್ನ ಗಂಡ ಹತ್ತಿ ಹಿಂಜುವವನು. ವಡಾಲ ಸ್ಟೇಷನ್ನಿನ ಆಚೆ ಗಾದಿ ಅಂಗಡಿ ಇತ್ತು. ಅವನು ಹಿಂಜುತ್ತಿದ್ದ, ನಾನು ಹೊಲಿಯುತ್ತಿದ್ದೆ. ಅವನು ಹೋಗಿ ಅಂಗಡಿಯೂ ಹೋಯಿತು, ನನಗೆ ‘ಗಾದಿ ಚಾಚಿ’ ಅನ್ನುವ ಹೆಸರು ಉಳಿಯಿತು. ಇನ್ನೊಂದು ಹೆಸರೂ ಇತ್ತು, ಅದನ್ನು ಯಾರೂ ನನ್ನೆದುರು ಹೇಳುತ್ತಿರಲಿಲ್ಲ. ಬಿಲ್ಡಿಂಗಿನ ಸೆಕ್ರೆಟರಿ ಹೊಸ ಸ್ಕೂಟರ್ ತಂದಾಗ, ‘ಅಲ್ಲಿ ನಿಲ್ಲಿಸಬ್ಯಾಡ, ಮಳಿಗಾಲದಾಗ ಮುಳಗತದ’ ಎಂದಿದ್ದೆ. ಮುಳುಗಿತು. ಟಾಂಕಿ ಬಿರುಕು ಬಿಡುತ್ತದೆ ಎಂದಿದ್ದೆ, ಬಿಟ್ಟಿತು. ತಗ್ಗಿನಲ್ಲಿ ನಿಲ್ಲಿಸಿದ ಗಾಡಿ ಮುಳುಗುತ್ತದೆ, ಹಳೆಯ ಸಿಮೆಂಟು ಬಿರಿಯುತ್ತದೆ. ಕಣ್ಣಿದ್ದವರಿಗೆ ಕಾಣುತ್ತದೆ, ನಾನು ಬಾಯಿಬಿಟ್ಟು ಹೇಳುತ್ತೇನೆ. ಜನ ಮಾತ್ರ ಸಿಮೆಂಟನ್ನು ಬಿಟ್ಟು ನನ್ನ ಬಾಯಿಯನ್ನೇ ನೋಡುತ್ತಾರೆ.

ಗಿಡದ ವಿಷಯಕ್ಕೆ ಬರುತ್ತೇನೆ. ಕಲ್ಯಾಣದಲ್ಲಿರುವ ಮಗಳು ಜರೀನಾ ಒಂದು ಸಲ ಉದ್ದನೆಯ ರಟ್ಟಿನ ಡಬ್ಬಿ ಹೊತ್ತುಕೊಂಡು ಬಂದಳು. ಒಳಗೆ ಮೂರು ಕಡ್ಡಿ.

“ಅಮ್ಮಿ, ಜನರ ಜೊತಿ ಜಗಳಾಡಿ ಸಾಕಾಗಿಲ್ಲೇನ? ಇನ್ನ ಗಿಡದ ಜೊತಿ ಆಡು. ಅವು ತಿರುಗಿ ಮಾತಾಡೂದಿಲ್ಲ” ಎಂದಳು.

ಚುಚ್ಚುತ್ತವೆ ಅನ್ನುವುದನ್ನು ಹೇಳಲಿಲ್ಲ. ಬ್ಲ್ಯಾಕ್‌ಬೆರಿಯಂತೆ. ಮೂರೂ ಬೇರೆ ಬೇರೆ ಜಾತಿ. ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಹೆಸರಿದ್ದವು. ನನ್ನ ಓದು ನಾಲ್ಕನೇ ಇಯತ್ತೆಗೆ ಮುಗಿದದ್ದು, ಅದೂ ಕನ್ನಡದ್ದು. ಹಾಗಾಗಿ ನಾನೇ ಹೆಸರಿಟ್ಟೆ. ನೆಟ್ಟಗೆ ನಿಂತು ಮೈತುಂಬ ಮುಳ್ಳು ಬಿಟ್ಟದ್ದು ಹವಾಲ್ದಾರ. ಬಳ್ಳಿಯ ಹಾಗೆ ಹರಡಿ ಹೋಗಿಬರುವವರ ಸೆರಗು ಹಿಡಿಯುವುದು ಜಗಳಗಂಟಿ. ಮುಳ್ಳೇ ಇಲ್ಲದ ನುಣ್ಣನೆಯದು ಬೋಳಮ್ಮ. ಪೇಂಟಿನ ದೊಡ್ಡ ಡಬ್ಬಿಗಳಿಗೆ ತಳದಲ್ಲಿ ತೂತು ಹೊಡೆದು ನೆಟ್ಟೆ. ಬಿಸಿಲು ಏರಿದಾಗ ಹಳೆಯ ಚಾದರ ಕಟ್ಟಿ ನೆರಳು ಮಾಡಿದೆ.

ಮೊದಲನೇ ವರ್ಷ ಒಂದು ಹೂವೂ ಇಲ್ಲ. ಬರೀ ಎಲೆ. ಮಾರಿದವನು ಮೋಸ ಮಾಡಿದ ಎಂದೇ ತಿಳಿದು ಜರೀನಾಳಿಗೆ ಫೋನಿನಲ್ಲಿ ಬೈದೆ. ಅವಳು ಅವನನ್ನು ಕೇಳಿ ಹೇಳಿದಳು: ಈ ವರ್ಷ ಎದ್ದ ಕೋಲು ಬರುವ ವರ್ಷ ಹಣ್ಣು ಬಿಡುತ್ತದೆ, ಬಿಟ್ಟ ಮೇಲೆ ಒಣಗುತ್ತದೆ, ಒಣಗಿದ್ದನ್ನು ಬುಡಕ್ಕೆ ಕತ್ತರಿಸಬೇಕು, ಅಷ್ಟರಲ್ಲಿ ಪಕ್ಕದಲ್ಲಿ ಹೊಸದು ಎದ್ದಿರುತ್ತದೆ. ಇದನ್ನೂ ನಾನು ನಂಬಲಿಲ್ಲ. ಮಾರಿದವನು ಒಂದು ವರ್ಷ ತಪ್ಪಿಸಿಕೊಳ್ಳಲು ಹೇಳಿದ ಕಥೆ ಎಂದುಕೊಂಡೆ. ಆದರೂ ಆ ವರ್ಷದ ಕೋಲಿಗೆ ಕೆಂಪು ಗಾದಿಬಟ್ಟೆಯ ಚೂರು, ಆಮೇಲೆ ಎದ್ದ ಹೊಸದಕ್ಕೆ ಬಿಳಿ ಚೂರು ಕಟ್ಟಿದೆ. ಕಸ್ತೂರಕ್ಕ ಬಟ್ಟೆ ಒಣಹಾಕಲು ಬಂದವಳು ನೋಡಿ ನಕ್ಕಳು.

“ಏನ ಚಾಚಿ, ಗಿಡಕ್ಕ ಮದುವಿ ಮಾಡಾಕತ್ತೀಯೇನ?”

“ಹೂಂ. ನಿನ್ನನ್ನ ಕರೆಯೂದಿಲ್ಲ” ಎಂದೆ.

ಎರಡನೇ ವರ್ಷ ಚಳಿ ಮುಗಿಯುವ ಹೊತ್ತಿಗೆ ಕೆಂಪು ಚೂರು ಕಟ್ಟಿದ ಕೋಲುಗಳೇ ಹೂ ಬಿಟ್ಟವು. ಮಾರಿದವನು ಅದೊಂದು ವಿಷಯದಲ್ಲಿ ನಿಜ ಹೇಳಿದ್ದ. ಮುಂಬೈಯ ಸೆಕೆಗೆ ಹಣ್ಣು ಹೆಚ್ಚೇನೂ ಬರುವುದಿಲ್ಲ. ಒಂದು ಸಲಕ್ಕೆ ಅಂಗೈ ತುಂಬಿದರೆ ಹೆಚ್ಚು. ಆದ್ದರಿಂದಲೇ ಒಂದೊಂದರ ಮೇಲೂ ಕಣ್ಣು. ಹವಾಲ್ದಾರನದು ಸಣ್ಣ ಹಣ್ಣು, ಬೀಜ ಜಾಸ್ತಿ, ಆದರೆ ವಾಸನೆ ಒಳ್ಳೆಯದು. ಜಗಳಗಂಟಿಯದು ಉದ್ದುದ್ದ, ಹುಳಿ ಬಿಡುವುದೇ ಇಲ್ಲ. ಬೋಳಮ್ಮನದು ಹೆಬ್ಬೆರಳಷ್ಟು ದಪ್ಪ. ಅದನ್ನು ನಾನು ಟಾಂಕಿಯ ಹಿಂದೆ, ಯಾರ ಕಣ್ಣಿಗೂ ಬೀಳದ ಹಾಗೆ ಇಟ್ಟಿದ್ದೆ. ಚುಚ್ಚಲಾಗದ ಗಿಡವನ್ನು ಅಡಗಿಸಿಯೇ ಇಡಬೇಕು.

ಕೀಳುವುದರಲ್ಲಿ ಒಂದು ಗುಟ್ಟಿದೆ, ನಿಮಗೂ ಹೇಳುತ್ತೇನೆ. ಹಸಿರು ಹೋಗಿ ಕೆಂಪಾಗುತ್ತದೆ, ಕೆಂಪು ಹೋಗಿ ಕಪ್ಪಾಗುತ್ತದೆ. ಮಿರಿಮಿರಿ ಮಿಂಚುವ ಕಪ್ಪನ್ನು ಕಂಡು ಕೈ ಹಾಕಬೇಡಿ, ಅದಿನ್ನೂ ಹುಳಿ. ಆ ಮಿಂಚು ಹೋಗಿ ಮಂಕಾಗಬೇಕು. ಆಗ ಮುಟ್ಟಿದರೆ ಸಾಕು, ಕೈಯೊಳಗೆ ಬೀಳುತ್ತದೆ. ಎಳೆದು ಕಿತ್ತರೆ ನೀವು ಅವಸರ ಮಾಡಿದಿರಿ ಎಂದು ಅರ್ಥ. ಕಿತ್ತ ಮೇಲೆ ಮಾವಿನ ಹಾಗೆ ಹುಲ್ಲಿನಲ್ಲಿಟ್ಟು ಮಾಗಿಸಲು ಆಗುವುದಿಲ್ಲ.

ನನ್ನ ಅರವತ್ತೆಂಟರ ಆ ಬೇಸಿಗೆಯಲ್ಲಿ ಹಣ್ಣು ಕಾಣೆಯಾಗತೊಡಗಿತು.

ಮೊದಲು ಹಕ್ಕಿ ಎಂದುಕೊಂಡು ಹಳೆಯ ಸೊಳ್ಳೆಪರದೆ ಹೊದಿಸಿದೆ. ಹಕ್ಕಿ ಕುಕ್ಕಿದರೆ ಅರ್ಧ ಉಳಿಯುತ್ತದೆ, ಇಲ್ಲಿ ತೊಟ್ಟಿನವರೆಗೆ ಚೊಕ್ಕಟ. ಇಲಿಯಾದರೆ ಕೆಳಗೆ ಚೆಲ್ಲುತ್ತದೆ. ಪರದೆಯನ್ನು ಮತ್ತೆ ಮೊದಲಿನಂತೆ ಸಿಕ್ಕಿಸಿ ಹೋಗುವ ಇಲಿಯನ್ನು ನಾನು ಇದುವರೆಗೆ ಕಂಡಿಲ್ಲ. ಕೇಬಲ್ಲಿನವನ ಮೇಲೆ ಅನುಮಾನ ಬಂತು, ಅವನು ಊರಿಗೆ ಹೋಗಿದ್ದ. ಕೊನೆಗೆ ವಾಚ್‌ಮನ್‌ನನ್ನು ಹಿಡಿದು ನಿಲ್ಲಿಸಿದೆ. ಏನೇನು ಹೋಗಿದೆ ಎಂದು ಕೇಳಿದ. ಕಪ್ಪಾದದ್ದೆಲ್ಲ ಹಾಗೇ ಇದೆ, ಕೆಂಪು ಮಾತ್ರ ಹೋಗುತ್ತಿದೆ ಎಂದೆ.

“ಅರೇ ಚಾಚಿ, ಖಟ್ಟಾ ಕೌನ್ ಖಾಯೇಗಾ?” ಎಂದು ಅಲ್ಲಾಡುವ ಎರಡು ಹಲ್ಲು ತೋರಿಸಿದ.

ಮಾಗಿದ್ದು ಬಿಟ್ಟು ಹುಳಿ ಯಾರು ತಿನ್ನುತ್ತಾರೆ? ಆಗ ನಾನು ಅದನ್ನು ಮೂರ್ಖನ ಮಾತು ಎಂದು ಬಿಟ್ಟುಬಿಟ್ಟೆ. ನನಗೆ ಬೇರೆ ಅನುಮಾನ ಹುಟ್ಟಿತ್ತು. ಕೆಲವು ವಾರಗಳಿಂದ ಎದುರು ಮನೆಯ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಮೊದಲು ಇಡೀ ದಿನ ತೆರೆದಿರುತ್ತಿದ್ದ ಬಾಗಿಲು ಅದು. ನಾನು ಹೊಸ್ತಿಲು ದಾಟಿದರೆ ಒಳಗೆ ಮಾತು ನಿಲ್ಲುತ್ತಿತ್ತು. ಕಸ್ತೂರಕ್ಕ ಕಡಲೆಹಿಟ್ಟಿನ ಜುಣಕದ ಬಟ್ಟಲು ತಂದುಕೊಡುವಾಗ ನಿಂತು ಹರಟುತ್ತಿದ್ದವಳು, ಈಗ ಕೊಟ್ಟವಳೇ ಹೋಗುತ್ತಿದ್ದಳು. ಅವಳ ಸೊಸೆ ಪಲ್ಲವಿ ಇಲ್ಲೇ ಮುಂಬೈಯ ಸಯನ್ನಿನಲ್ಲಿ ಬೆಳೆದ ಹುಡುಗಿ, ಆಫೀಸಿಗೆ ಹೋಗುವವಳು. ಅವಳೂ ಮನೆಯಲ್ಲೇ ಇದ್ದಂತಿತ್ತು, ಕಣ್ಣಿಗೆ ಬೀಳುತ್ತಿರಲಿಲ್ಲ. ಕೀಲಿ ಅವರ ಮೊಳೆಗೆ. ಗಿಡ ಅವರ ತಲೆಯ ಮೇಲೆ. ನೀವೇ ಹೇಳಿ, ನನ್ನ ಜಾಗದಲ್ಲಿ ನೀವಿದ್ದರೆ ಏನು ತಿಳಿಯುತ್ತಿದ್ದಿರಿ?

ಹಣ್ಣಿಗಾಗಿ ಇಷ್ಟು ಸಂಕಟವೇ ಎಂದು ಕೇಳಬೇಡಿ. ಹಣ್ಣಿಗಲ್ಲ. ಇಪ್ಪತ್ತು ವರ್ಷ ಒಂದೇ ಮೆಟ್ಟಿಲು ಹತ್ತಿದವಳು ನನ್ನಿಂದ ಕದ್ದು ನನ್ನ ಮುಖ ನೋಡಿ ಜುಣಕ ಕೊಡುತ್ತಿದ್ದಾಳೆ ಅನ್ನುವುದಕ್ಕೆ. ಅವಳೂ ಹೋದರೆ ಈ ಬಿಲ್ಡಿಂಗಿನಲ್ಲಿ ನಾನು ಕನ್ನಡದಲ್ಲಿ ಜಗಳವಾಡುವುದಾದರೂ ಯಾರ ಜೊತೆ?

ಹವಾಲ್ದಾರನನ್ನೂ ಜಗಳಗಂಟಿಯನ್ನೂ ಎಳೆದು ಟೆರೇಸಿನ ಬಾಗಿಲಿಗೆ ಎದುರಾಗಿ ನಿಲ್ಲಿಸಿದೆ. ಮುಳ್ಳಿನ ಕೋಲುಗಳನ್ನು ಮುಂದಕ್ಕೆ ತಿರುಗಿಸಿ ಕಟ್ಟಿದೆ. ಕೆಂಪು ಹಣ್ಣು ಹಿಂದೆ. ಕೈ ಹಾಕಿದವರ ಕೈ ಮುಳ್ಳು ದಾಟಿಯೇ ಬರಬೇಕು.

ಮಾರನೆಯ ದಿನವೂ ಹಣ್ಣು ಹೋಗಿತ್ತು. ಆದರೆ ಈ ಸಲ ಕಟ್ಟೆಯ ಮೇಲೆ ಉಪ್ಪು ಬಿದ್ದಿತ್ತು. ಕಳ್ಳ ಅಲ್ಲೇ ನಿಂತು, ಉಪ್ಪು ಹಚ್ಚಿಕೊಂಡು ತಿಂದಿದ್ದ. ಅದೇ ಸಂಜೆ ಪಲ್ಲವಿ ಜುಣಕದ ಬಟ್ಟಲು ವಾಪಸು ತೆಗೆದುಕೊಳ್ಳಲು ಬಂದಳು. ಕೈ ಚಾಚಿದಾಗ ಮಣಿಕಟ್ಟಿನಿಂದ ಮೊಣಕೈವರೆಗೆ ಗೀರು. ಬೆಕ್ಕಿನದಲ್ಲ. ಅಂಥದೇ ಮುಳ್ಳಿನ ಗೀರು ನನ್ನ ಕೈಮೇಲೂ ಇತ್ತು.

ಬಾಯಿವರೆಗೆ ಬೈಗುಳ ಬಂದಿತ್ತು. ಅಷ್ಟರಲ್ಲಿ ಹುಡುಗಿ ಒಲೆಯ ಮೇಲಿನ ಒಗ್ಗರಣೆಯ ವಾಸನೆಗೆ ಮೂಗು ಮುಚ್ಚಿಕೊಂಡು ಹೊರಗೆ ಓಡಿದಳು. ಬೈಗುಳ ಬಾಯಲ್ಲೇ ನಿಂತಿತು. ವಾಚ್‌ಮನ್‌ನ ಮಾತು ನೆನಪಾಯಿತು. ಉಪ್ಪು ಹಚ್ಚಿ ಹುಳಿ ಯಾರು ತಿನ್ನುತ್ತಾರೆ? ಜರೀನಾ ಹೊಟ್ಟೆಯಲ್ಲಿದ್ದಾಗ ನಾನೂ ವಡಾಲದ ರಸ್ತೆಯ ಹುಣಸೆಮರಕ್ಕೆ ಕಲ್ಲು ಹೊಡೆದವಳು.

ಅವಳ ಹಿಂದೆಯೇ ಹೋಗಿ ಬಾಗಿಲು ತಟ್ಟಿದೆ. ಕಸ್ತೂರಕ್ಕ ಅರ್ಧ ಬಾಗಿಲು ತೆರೆದು ಅಡ್ಡ ನಿಂತಳು.

“ನಿನ್ನ ಸೊಸಿಗೆ ಎಷ್ಟ ತಿಂಗಳು?” ಎಂದೆ.

ಅವಳ ಮುಖದ ಬಣ್ಣ ಹೋಯಿತು. “ಯಾರ ಹೇಳಿದ್ರ ನಿನಗ?”

“ಗಿಡ.”

“ಚಾಚಿ, ನಿನ್ನ ಕಾಲ ಹಿಡಿತೀನಿ, ಬಾಯಿ ಮುಚ್ಚು. ಒಳ್ಳೇದೂ ಅನಬ್ಯಾಡ, ಕೆಟ್ಟದ್ದೂ ಅನಬ್ಯಾಡ. ಎರಡ ಹೋಗ್ಯಾವ. ಇದೊಂದು ನಿಲ್ಲಲಿ.”

“ಬಿಲ್ಡಿಂಗಿನವರಿಗೆಲ್ಲ ಗೊತ್ತೇನ?”

ಅವಳು ಕೆಳಗೆ ನೋಡಿದಳು. ಗೊತ್ತಿತ್ತು. ಒಂದನೇ ಮಾಳಿಗೆಯ ತಮಿಳು ಮಾಮಿಗೂ ಗೊತ್ತಿತ್ತು. ನನಗೊಬ್ಬಳಿಗೇ ಮುಚ್ಚಿದ್ದರು.

“ನನ್ನ ನಾಲಿಗಿ ಕರಿ ನಾಲಿಗಿ ಅಂತೀಯೇನ ಕಸ್ತೂರಿ?”

“ನಾ ಅಂದಿಲ್ಲವ್ವ. ಹೋದ ಸಲ ಆಕಿ ಮೆಟ್ಟಿಲ ಓಡಿ ಹತ್ತೂದು ನೋಡಿ, ಹಿಂಗ ಕುಣದಾಡಿದರ ನಿಲ್ಲತದೇನ ಅಂದಿ. ಅದೇ ವಾರ...” ಸೆರಗಿನಿಂದ ಬಾಯಿ ಒತ್ತಿಕೊಂಡಳು.

ಅವಳ ಹಿಂದಿನಿಂದ ಪಲ್ಲವಿ ಬಂದಳು. “ಸಾರಿ ಚಾಚಿ. ಮೈನೇ ಹೀ ಲಿಯಾ... ನಾನೇ ಕಿತ್ಕೊಂಡೆ. ಪೂಛ್ನಾ ಥಾ... ಕೇಳ್ಬೇಕಿತ್ತು. ಆದ್ರೆ ಕೇಳಿದ್ರೆ ನೀವು ಏನಾದ್ರೂ ಅಂದ್ಬಿಡ್ತಿದ್ರಿ.”

ಹೇಳಬೇಕಾದದ್ದು ನನ್ನ ಹತ್ತಿರ ಬಹಳ ಇತ್ತು. ಮಾತಿನಿಂದ ಬಸಿರು ಇಳಿಯುವುದಾದರೆ ಈ ಮುಂಬೈಯಲ್ಲಿ ಒಂದು ಕೂಸೂ ಹುಟ್ಟುತ್ತಿರಲಿಲ್ಲ ಎಂದು ಹೇಳಬಹುದಿತ್ತು. ಕದ್ದವರು ನೀವು, ಕೆಟ್ಟವಳು ನಾನೇನು ಎಂದು ಕೇಳಬಹುದಿತ್ತು. ಕೇಳಿದರೆ ಜಗಳ ಗೆಲ್ಲುತ್ತಿದ್ದೆ. ಆದರೆ ಆ ಹುಡುಗಿ ಎರಡೂ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ನನ್ನ ಕಣ್ಣು ನೋಡದೆ ನನ್ನ ತುಟಿಯನ್ನೇ ನೋಡುತ್ತಿದ್ದಳು, ಒಳಗಿಂದ ಏನು ಹೊರಬರುತ್ತದೋ ಎಂದು. ತಿರುಗಿ ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಅರವತ್ತೆಂಟು ವರ್ಷದಲ್ಲಿ ಬಂದ ಮಾತನ್ನು ನುಂಗಿದ್ದು ಅದೇ ಮೊದಲು. ರುಚಿಯೇನೂ ಚೆನ್ನಾಗಿರಲಿಲ್ಲ.

ಇವತ್ತಿನ ಉಪ್ಪು ಯಾರದೆಂದು ನಿಮಗೆ ಈಗ ತಿಳಿದಿರಬೇಕು. ಪಲ್ಲವಿಯ ಮಗಳಿಗೆ ನಾಲ್ಕು ತುಂಬಿದೆ. ಟಾಂಕಿಯ ಹಿಂದೆ ಮುದುರಿ ಕುಳಿತಿದ್ದಳು, ಮುಷ್ಟಿಯಲ್ಲಿ ಉಪ್ಪು, ಗಲ್ಲದ ತುಂಬ ಕೆಂಪು ರಸ. ಕಪ್ಪಾದದ್ದು ಅವಳಿಗೂ ಬೇಡ. “ಮೈನೇ ನಹೀ ಖಾಯಾ” ಎಂದಳು, ತಿಂದೆಯಾ ಎಂದು ನಾನು ಕೇಳುವ ಮೊದಲೇ. ಕಣ್ಣು ದೊಡ್ಡವು, ಕೂದಲು ಗುಂಗುರು. ಜನ ಅವಳನ್ನು ಏನೇನೋ ಹೊಗಳುತ್ತಾರೆ. ನಾನು ಇದುವರೆಗೆ ಒಂದು ಸಲವೂ ಹೊಗಳಿಲ್ಲ, ತೆಗಳಿಯೂ ಇಲ್ಲ. ತೊಟ್ಟಿಲಿಗೆ ಹಾಕಿದ ದಿನ ಕಸ್ತೂರಕ್ಕ ತಾನೇ ಕೂಸನ್ನು ನನ್ನ ಕೈಗೆ ಕೊಟ್ಟಳು, ಆಗಲೂ ತುಟಿ ಬಿಚ್ಚಲಿಲ್ಲ. ಈ ನಾಲಿಗೆಯ ಕಥೆಯನ್ನು ನಾನು ನಂಬುವುದಿಲ್ಲ. ಬೇರೆ ಯಾರನ್ನೂ ಅಷ್ಟಾಗಿ ನಂಬುವುದಿಲ್ಲವಾದ್ದರಿಂದ ಈ ಒಂದು ಮಗುವಿನ ವಿಷಯದಲ್ಲಿ ನನ್ನನ್ನೂ ನಂಬುವುದಿಲ್ಲ. ಅವಳ ಗಲ್ಲ ಒರೆಸಿ, ಕೆಳಗೆ ಹೋಗು ಎಂದು ಕೈಯಿಂದಲೇ ತೋರಿಸಿದೆ.

ಐದು ವರ್ಷದ ಹಿಂದೆ ಆ ದಿನ ಬಾಗಿಲು ಹಾಕಿಕೊಂಡವಳು ಮರುದಿನ ಬೆಳಿಗ್ಗೆ ನೀರು ಬರುವ ಮೊದಲೇ ಎದ್ದೆ. ಮೊಳೆಯಿಂದ ಕೀಲಿ ತೆಗೆದುಕೊಂಡು ಮೇಲೆ ಹೋದೆ. ಹವಾಲ್ದಾರನನ್ನೂ ಜಗಳಗಂಟಿಯನ್ನೂ ಒಂದೊಂದಾಗಿ ಟಾಂಕಿಯ ಹಿಂದೆ ತಳ್ಳಿದೆ. ಬೋಳಮ್ಮನನ್ನು ಎಳೆದು ತಂದು ಬಾಗಿಲ ಪಕ್ಕದಲ್ಲಿ, ಬಗ್ಗದೆ ಕೈಗೆ ಸಿಗುವ ಹಾಗೆ, ಎರಡು ಇಟ್ಟಿಗೆಯ ಮೇಲೆ ಏರಿಸಿದೆ. ಕಪ್ಪಾದವನ್ನು ನಾನು ಕಿತ್ತುಕೊಂಡೆ. ಕೆಂಪನ್ನು ಬಿಟ್ಟೆ. ಪೇಪರಿನ ಚೂರಿನಲ್ಲಿ ಉಪ್ಪು ಕಟ್ಟಿ, ಗಾಳಿಗೆ ಹಾರದ ಹಾಗೆ ಮೇಲೊಂದು ಕಲ್ಲಿಟ್ಟು, ಕೆಳಗಿಳಿದು ಕೀಲಿಯನ್ನು ಅದೇ ಮೊಳೆಗೆ ಹಾಕಿದೆ.