ಹೆಸರು ಹೇಳದ ಗೌರವ

ನಮ್ಮ ಮನೆಯ ಲಟ್ಟಣಿಗೆ ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಎರಡು ಉದ್ಯೋಗ ಹಿಡಿಯಿತು. ಸಂಜೆ ಚಪಾತಿ ಒತ್ತುವುದು ಅದರ ಕುಲಕಸುಬು. ಹಗಲು ಹೊತ್ತು ಅಡುಗೆಮನೆಯ ಮೇಜಿನ ಮೇಲಿರುವ ಚೀನೀ ವಿದ್ಯಾರ್ಥಿಗಳ ಇಂಗ್ಲಿಷ್ ಪ್ರಬಂಧಗಳು ಕಿಟಕಿಯ ಗಾಳಿಗೆ ಹಾರಿಹೋಗದಂತೆ ಅವುಗಳ ಮೇಲೆ ಮಲಗಿರುವುದು ಹೊಸ ನೌಕರಿ. ಅರ್ಥಶಾಸ್ತ್ರವೆಂದೂ ಲೆಕ್ಕಶಾಸ್ತ್ರವೆಂದೂ ಬಿಗುಮಾನದಿಂದ ಬಂದು ಕೂರುತ್ತಿದ್ದ ಎಷ್ಟೋ ಹಾಳೆಗಳು ನನ್ನ ಮನೆ ಬಿಡುವಾಗ ಮೂಲೆಯಲ್ಲೊಂದು ಗೋಧಿಹಿಟ್ಟಿನ ಗುರುತು ಹೊತ್ತೇ ವಿಶ್ವವಿದ್ಯಾಲಯಕ್ಕೆ ಹೋಗಿರಬೇಕು. ಅದನ್ನು ಕಂಡ ಪ್ರೊಫೆಸರರು ಏನೆಂದುಕೊಂಡರೋ, ದೇವರಿಗೇ ಗೊತ್ತು.

ಹೊಸ ಶತಮಾನ ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲ. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ನಮ್ಮ ಬಾಡಿಗೆ ಮನೆ. ಇವರಿಗೆ ನಾರ್ವೆಸ್ಟ್‌ನ ಒಂದು ಆಫೀಸಿನಲ್ಲಿ ಕೆಲಸ. ಊರಿನಲ್ಲಿ ಕಾಲೇಜು ಹುಡುಗರಿಗೆ ಇಂಗ್ಲಿಷ್ ಪಾಠ ಹೇಳಿಕೊಂಡಿದ್ದ ನನಗೆ ಇಲ್ಲಿ ಸುಮ್ಮನೆ ಕೂರಲಾಗಲಿಲ್ಲ. ಲೈಬ್ರರಿಯ ಬೋರ್ಡಿಗೆ, ವಿದ್ಯಾರ್ಥಿಗಳ ಪ್ರಬಂಧಗಳ ಕರಡು ತಿದ್ದಿಕೊಡುತ್ತೇನೆಂದು ಒಂದು ಚೀಟಿ ಅಂಟಿಸಿ ಬಂದೆ. ಮೊದಲು ಬಂದವಳು ಒಬ್ಬ ಚೀನೀ ಹುಡುಗಿ. ಅವಳ ಹಿಂದೆ ಅವಳ ಗೆಳತಿ. ಗೆಳತಿಯ ಹಿಂದೆ ಅವಳ ರೂಮಿನವರೆಲ್ಲ. ಪಕ್ಕದ ಬೀದಿಯ ದಾವಣಗೆರೆಯ ಶೋಭಾಗೆ ಇದೊಂದು ತಮಾಷೆಯ ವಿಷಯವಾಯಿತು.

"ಇದೇನ್ರೀ ಇದು! ತುಮಕೂರಿನೋರು ಸಿಡ್ನಿಗೆ ಬಂದು ಚೈನಾದೋರಿಗೆ ಇಂಗ್ಲಿಷ್ ಕಲಿಸೋದಾ? ಮತ್ತೆ ಇಲ್ಲಿ ಬಿಳಿಯರು ಏನ್ ಮಾಡ್ತಿದಾರಂತೆ?"

"ಅವರು ಮಾರ್ಕ್ಸ್ ಹಾಕ್ತಾರಮ್ಮ," ಎಂದೆ.

"ಅದಿರ್ಲಿ, ನನ್ ಮಗನಿಗೆ ಒಂಚೂರು ಕನ್ನಡ ಹೇಳ್ಕೊಡ್ರೀ. ನಾನು ಕನ್ನಡದಲ್ಲಿ ಬೈದ್ರೆ ಅವನು ಇಂಗ್ಲಿಷಲ್ಲಿ ಸಾರಿ ಅಂತಾನೆ. ಬೈದಿದ್ದೇ ವೇಸ್ಟ್ ಅನ್ಸುತ್ತೆ."

ಕರಡು ತಿದ್ದುವ ವಿದ್ಯೆ ನನಗೆ ಕಾಲೇಜಿನಲ್ಲಿ ಸಿಕ್ಕಿದ್ದಲ್ಲ, ದೊಡ್ಡಪ್ಪನಿಂದ ಬಂದದ್ದು. ತುಮಕೂರಿನ ಒಂದು ಅಚ್ಚುಕೂಟಕ್ಕೆ ಅವರು ಕರಡು ನೋಡಿಕೊಡುತ್ತಿದ್ದರು. ಪಂಚಾಂಗವಿರಲಿ, ಲಗ್ನಪತ್ರಿಕೆಯಿರಲಿ, ಅವರ ಪದ್ಧತಿ ಒಂದೇ: ಕಣ್ಣನ್ನು ನಂಬಬಾರದು, ಕಿವಿಯನ್ನು ನಂಬಬೇಕು. ಕಣ್ಣು ಸೋಮಾರಿ, ಇರಬೇಕಾದ್ದು ಇದ್ದೇ ಇದೆಯೆಂದು ತಿಳಿದು ಮುಂದೆ ಹೋಗಿಬಿಡುತ್ತದೆ. ಕಿವಿಯೋ ಪಡಸಾಲೆಯಲ್ಲಿ ಕೂತ ಹಿರಿಯತ್ತೆಯ ಹಾಗೆ, ಬಂದವರನ್ನೆಲ್ಲ ತಡೆದು ವಿಚಾರಿಸದೆ ಒಳಗೆ ಬಿಡುವುದಿಲ್ಲ. ಹಾಗಾಗಿ ನಾನು ಅವರೆದುರು ಚಕ್ಕಳಮಕ್ಕಳ ಹಾಕಿ ಕೂತು, ಮೂಲಪ್ರತಿಯನ್ನು ಅಲ್ಪವಿರಾಮ ಪೂರ್ಣವಿರಾಮಗಳ ಸಮೇತ ಗಟ್ಟಿಯಾಗಿ ಓದಬೇಕು, ಅವರು ಅಚ್ಚಾದ ಹಾಳೆಯ ಮೇಲೆ ಪೆನ್ಸಿಲು ಎಳೆದುಕೊಂಡು ಬರಬೇಕು. ನನ್ನ ನಾಲಿಗೆ ಎಲ್ಲಾದರೂ ತಡವರಿಸಿದರೆ ಪೆನ್ಸಿಲೂ ನಿಲ್ಲುತ್ತಿತ್ತು. "ಏನಮ್ಮಾ, ಅಲ್ಲಿ ಕಲ್ಲು ಸಿಕ್ತಾ?" ಎನ್ನುತ್ತಿದ್ದರು.

ಅದೇ ಕ್ರಮವನ್ನು ನಾನು ಈ ಮಕ್ಕಳಿಗೂ ಹಚ್ಚಿದೆ. ಅವರು ತಮ್ಮ ಪ್ರಬಂಧವನ್ನು ಶೀರ್ಷಿಕೆಯಿಂದ ಹಿಡಿದು ಕೊನೆಯ ಆಕರಪಟ್ಟಿಯವರೆಗೆ, ಒಂದು ಚಿಹ್ನೆಯನ್ನೂ ಬಿಡದೆ ನನಗೆ ಓದಿ ಹೇಳಬೇಕು. ನಾನು ಇನ್ನೊಂದು ಪ್ರತಿಯಲ್ಲಿ ಪೆನ್ಸಿಲು ಓಡಿಸುತ್ತೇನೆ. ಮೊದಮೊದಲು ನಾಚುತ್ತಿದ್ದರು. ಆಮೇಲೆ ತಮ್ಮ ತಪ್ಪು ತಮ್ಮ ಬಾಯಿಗೇ ಸಿಕ್ಕು ತಾವೇ ನಗುತ್ತಿದ್ದರು. ನನ್ನ ಕೆಲಸ ಅರ್ಧ ಕಡಿಮೆಯಾಗುತ್ತಿತ್ತು. ನಾನೊಂದು ನಿಯಮವನ್ನೂ ಇಟ್ಟುಕೊಂಡಿದ್ದೆ, ಭಾಷೆ ತಿದ್ದುತ್ತೇನೆ, ವಿಚಾರಕ್ಕೆ ಕೈ ಹಾಕುವುದಿಲ್ಲ ಎಂದು. ಅದು ಆ ವಿಶ್ವವಿದ್ಯಾಲಯಗಳ ನಿಯಮವೂ ಹೌದು.

ಕೆಲವು ವರ್ಷಗಳಾದ ಮೇಲೆ ಇವರ ಕೆಲಸ ಮೆಲ್ಬರ್ನಿಗೆ ಬದಲಾಯಿತು, ಗ್ಲೆನ್ ವೇವರ್ಲಿಗೆ ಬಂದೆವು. ಊರು ಬದಲಾದರೂ ಮೇಜು ಅದೇ, ಲಟ್ಟಣಿಗೆ ಅದೇ. ರೈಲಿನ ಹಳಿ ಮುಗಿಯುವ ಆ ಸಬರ್ಬಿನಲ್ಲಿ ಚೀನೀ ವಿದ್ಯಾರ್ಥಿಗಳಿಗೆ ಬರವಿರಲಿಲ್ಲ. ಮಿನ್ ಬಂದದ್ದು ಅಲ್ಲಿಗೇ. ನಗರ ಯೋಜನೆಯಲ್ಲಿ ಸ್ನಾತಕೋತ್ತರ ಓದುತ್ತಿದ್ದ, ಮಾತಿಗಿಂತ ಮೊದಲು ತಲೆ ಬಾಗಿಸುತ್ತಿದ್ದ ಹುಡುಗಿ. ನನ್ನ ಹೆಸರು ಗೊತ್ತಿದ್ದೂ ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. ಟೀಚರ್ ಎಂದೇ ಕರೆದಳು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದದ್ದು. ಅದನ್ನಿಲ್ಲಿ ನನ್ನ ಬಾಯಿಯ ಕನ್ನಡದಲ್ಲಿ ಹೇಳುತ್ತಿದ್ದೇನೆ, ಅಷ್ಟೇ.

ಬಂದ ದಿನವೇ ತನ್ನ ಸಂಕಟ ಹೇಳಿಕೊಂಡಳು. ಹಿಂದಿನ ಪ್ರಬಂಧವೊಂದಕ್ಕೆ ವಿಭಾಗದಿಂದ ಎಚ್ಚರಿಕೆ ಬಂದಿತ್ತು: ಬೇರೆಯವರ ಬರಹವನ್ನು ನಿನ್ನದೆಂಬಂತೆ ಬರೆದಿದ್ದೀ ಎಂದು. ಇನ್ನೊಮ್ಮೆ ಹಾಗಾದರೆ ಆ ವಿಷಯದಲ್ಲಿ ಫೇಲು. ಫೇಲಾದರೆ ಕೋರ್ಸಿನಿಂದ ಹೊರಗೆ, ಆಮೇಲೆ ವೀಸಾವೂ ಇಲ್ಲ, ಗಂಟುಮೂಟೆ ಕಟ್ಟಿ ಊರಿಗೆ. "ಈ ಸಲ ತುಂಬಾ ಕಷ್ಟಪಟ್ಟು ಬರೆದಿದೀನಿ ಟೀಚರ್," ಎಂದು ಹಾಳೆಗಳನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಜನರು ಕೂಡುವ ಸಾರ್ವಜನಿಕ ಜಾಗಗಳ ಮೇಲಿನ ಪ್ರಬಂಧ ಅದು.

ಓದು ಶುರುವಾಯಿತು. ಮೊದಲ ಪ್ಯಾರಾ ಕಲ್ಲುಮುಳ್ಳಿನ ದಾರಿ. ತಡವರಿಸಿ, ನಿಂತು, ಮತ್ತೆ ಹಿಂದಿನಿಂದ ಓದಿಕೊಂಡು ಬಂದಳು. ಎರಡನೆಯದರ ನಡುವೆ ಇದ್ದಕ್ಕಿದ್ದಂತೆ ಡಾಂಬರು ರಸ್ತೆ ಸಿಕ್ಕಿತು ನೋಡಿ! ದನಿ ಏರಿತು, ನಾಲಿಗೆ ಹಗುರವಾಯಿತು, ಉದ್ದುದ್ದ ವಾಕ್ಯಗಳು ಉಸಿರುಗಟ್ಟದೆ ಸರಾಗವಾಗಿ ಹರಿದವು. ಪೆನ್ಸಿಲಿಗೆ ಕೆಲಸವೇ ಇಲ್ಲ. ಬೇರೆಯವರಾಗಿದ್ದರೆ ಖುಷಿಪಡುತ್ತಿದ್ದರೇನೋ. ಆದರೆ ಈ ನಡಿಗೆ ನನ್ನ ಕಿವಿಗೆ ಗುರುತು ಸಿಕ್ಕಿತು: ಬಾಲ್ಯದಲ್ಲಿ ದೇವರ ಮುಂದೆ ಕೂತು ನಾವು ಅರ್ಥ ತಿಳಿಯದೆಯೇ ಒಪ್ಪಿಸುತ್ತಿದ್ದ ಶ್ಲೋಕಗಳ ನಡಿಗೆ.

"ಮಿನ್, ಹಾಳೆ ಮಗುಚಿ ಇಡು. ಈಗ ಮುಂದಿನ ವಾಕ್ಯ ಹೇಳು."

ನೋಡದೆಯೇ ಹೇಳಿದಳು. ಅದರ ಮುಂದಿನದ್ದನ್ನೂ ಹೇಳಿದಳು. ಮುಖದಲ್ಲಿ ಹೆಮ್ಮೆ.

"ಇದು ಯಾರ ವಾಕ್ಯ?"

"ಪುಸ್ತಕದ್ದು, ಟೀಚರ್. ಅಷ್ಟು ಚೆನ್ನಾಗಿ ನನಗೆ ಬರೆಯೋಕೆ ಬರಲ್ಲ. ಪೂರ್ತಿ ಕಂಠಪಾಠ ಮಾಡಿದೆ."

"ಬರೆದವರ ಹೆಸರು ಯಾಕೆ ಹಾಕಿಲ್ಲ?"

ನನ್ನ ಪ್ರಶ್ನೆಯೇ ಅವಳಿಗೆ ವಿಚಿತ್ರವಾಗಿ ಕಂಡಿತು. "ಪ್ರೊಫೆಸರೇ ಓದು ಅಂತ ಹೇಳಿದ ಪುಸ್ತಕ ಅದು. ಅವರಿಗೆ ಗೊತ್ತಿಲ್ವಾ? ಗೊತ್ತಿರೋರಿಗೆ ಇದು ಇಂಥೋರದ್ದು ಅಂತ ಹೇಳಿದ್ರೆ, ನಿಮಗೆ ಗೊತ್ತಿಲ್ಲ ಅಂದಹಾಗಾಗಲ್ವಾ? ಹೋದ ಸಲ ಒಂದೇ ಪುಸ್ತಕದಿಂದ ತಗೊಂಡಿದ್ದೆ, ಅದಕ್ಕೇ ಸಿಟ್ಟಾದ್ರು. ಈ ಸಲ ತುಂಬಾ ಪುಸ್ತಕ ಓದಿದೀನಿ."

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಬೆಂಕಿ ಬಿದ್ದಿದೆ ಎಂದರೆ ಹುಡುಗಿ ಇನ್ನಷ್ಟು ಶ್ರದ್ಧೆಯಿಂದ ತುಪ್ಪ ಸುರಿದು ಬಂದಿದ್ದಾಳೆ! ವಿಭಾಗದವರು ಇದಕ್ಕೆ ಇಡುವ ಹೆಸರು ಕಳ್ಳತನ. ಅವಳ ಮುಖ ನೋಡಿದರೆ, ಹಿರಿಯರು ಕಲಿಸಿದ್ದನ್ನು ತಪ್ಪಿಲ್ಲದೆ ಒಪ್ಪಿಸಿದ ಮಗುವಿನ ತೃಪ್ತಿ. ಆ ಪದ ಆಡಲು ನನಗೆ ಬಾಯಿ ಬರಲಿಲ್ಲ. ಆದರೆ ಆಡದಿದ್ದರೂ ವಿಷಯ ಹೇಳಲೇಬೇಕಿತ್ತು, ಹೇಳಿದೆ. ಮಿನ್ ಬಣ್ಣ ಬಿಟ್ಟ ಬಟ್ಟೆಯ ಹಾಗಾದಳು. ಹಾಳೆಗಳನ್ನು ನನ್ನ ಕಡೆ ತಳ್ಳಿ, "ಹಾಗಾದ್ರೆ ನೀವೇ ಬರೆದುಕೊಡಿ ಟೀಚರ್. ನೀವು ಬರೆದ್ರೆ ಯಾವ ಪುಸ್ತಕದಲ್ಲೂ ಇರಲ್ಲ," ಎಂದಳು.

"ಆಗ ನನ್ನನ್ನೇ ಕಂಠಪಾಠ ಮಾಡಿದ ಹಾಗಾಯ್ತಲ್ಲ, ಹುಡುಗಿ," ಎಂದೆ. ಅವಳು ನಗಲಿಲ್ಲ.

ಅವಳನ್ನು ಕಳಿಸಿ ಟೀ ಕಾಯಿಸುತ್ತಾ ನಿಂತಾಗ ನನಗೆ ನೆನಪಾದದ್ದು ದೊಡ್ಡಮ್ಮ. ದೊಡ್ಡಪ್ಪನ ಹೆಸರು ವೆಂಕಟೇಶ. ಬದುಕಿಡೀ ಆಕೆ ಆ ಹೆಸರನ್ನು ಬಾಯಲ್ಲಿ ಆಡಲಿಲ್ಲ. ಶನಿವಾರದ ಭಜನೆಯಲ್ಲಿ ದೇವರ ಹೆಸರಾಗಿ ಅದು ಬಂದರೆ ಆ ಜಾಗದಲ್ಲಿ ಬರೀ ತಾಳ ಹಾಕಿ ದಾಟಿಸಿಬಿಡುತ್ತಿದ್ದರು. ದೇವರಿಗೂ ರೂಢಿಯಾಗಿತ್ತೆಂದು ಕಾಣುತ್ತದೆ. ಅಷ್ಟೇಕೆ, ನಾನೇ ಈ ಬರಹದಲ್ಲಿ ನಮ್ಮ ಮನೆಯವರನ್ನು 'ಇವರು' ಎಂದು ಕರೆಯುತ್ತಾ ಬಂದದ್ದನ್ನು ನೀವು ಗಮನಿಸಿರಬಹುದು, ಗಮನಿಸಿಯೂ ಯಾರೆಂದು ಕೇಳಿರಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಮಾತು ಮಾತಿಗೆ ಪದ್ಯದ ಸಾಲುಗಳು ಬೀಳುತ್ತಿದ್ದವು. ಇದು ಯಾರು ಬರೆದದ್ದೆಂದು ಯಾರೂ ಕೇಳುತ್ತಿರಲಿಲ್ಲ; ಕೇಳಿದವರು ಹೊರಗಿನವರು. ನಾವು ಬೆಳೆದ ಕಡೆ ದೊಡ್ಡವರ ಹೆಸರನ್ನು ಹೇಳದಿರುವುದೇ ಗೌರವ. ಇಲ್ಲಿ ಹೆಸರು ಹೇಳಿದರೆ ಗೌರವ. ಹೇಳದೆ ಹೋದರೆ ದ್ರೋಹ. ಎರಡರ ಬೇರೂ ಕೃತಜ್ಞತೆಯೇ ಇರಬೇಕು. ಆದರೆ ಒಂದರ ನೆಲದಿಂದ ಕಿತ್ತು ಇನ್ನೊಂದರಲ್ಲಿ ನೆಟ್ಟರೆ ಅದೇ ಗಿಡ ಕಳೆಯಾಗಿ ಕಾಣುತ್ತದೆ. ಹಾಗೆಂದು ಇಲ್ಲಿನವರದ್ದು ತಪ್ಪೆನ್ನಲೂ ನನಗೆ ಧೈರ್ಯವಿಲ್ಲ. ಹೆಸರು ಹೇಳದ ಗೌರವದ ಮರೆಯಲ್ಲಿ ಎಷ್ಟು ಹೆಂಗಸರ ಹಾಡು, ಎಷ್ಟು ಅಜ್ಜಿಯರ ಮದ್ದು, ಹೆಸರಿಲ್ಲದೆಯೇ ಮುಗಿದುಹೋದವು! ದೊಡ್ಡಮ್ಮನ ಹೆಸರನ್ನು ನಾನು ಮೊದಲು ತಿಳಿದದ್ದೇ ಆಕೆಯ ವೈಕುಂಠ ಸಮಾರಾಧನೆಯ ಕಾರ್ಡಿನ ಕರಡು ಓದುವಾಗ.

ಮರುದಿನ ಮಿನ್ ಬಂದಾಗ ಹಾಳೆಗಳನ್ನು ಲಟ್ಟಣಿಗೆಯ ಕೆಳಗೇ ಬಿಟ್ಟೆ. "ಬರೆಯೋದು ಬೇಡ, ಮಾತಾಡು. ನಿಮ್ಮ ಬೀದಿಯಲ್ಲಿ ಜನ ಎಲ್ಲಿ ಸೇರ್ತಿದ್ರು?"

"ನಮ್ಮ ಬೀದೀಲಿ ಏನೂ ಇರಲಿಲ್ಲ, ಟೀಚರ್. ಪಾರ್ಕಿಲ್ಲ, ಬೆಂಚಿಲ್ಲ. ಒಂದು ಕಬ್ಬಿಣದ ಕಂಬಿಬೇಲಿ ಇತ್ತು, ಅಷ್ಟೇ. ಚಳಿಗಾಲದಲ್ಲಿ ಬಿಸಿಲು ಬಂದ್ರೆ ಎಲ್ಲರೂ ಹತ್ತಿಯ ರಜಾಯಿ ತಂದು ಅದರ ಮೇಲೆ ಹಾಕೋರು."

"ಆಮೇಲೆ?"

"ಆಮೇಲೆ ಜಗಳ!" ಮೊದಲ ಬಾರಿಗೆ ಅವಳ ಹಲ್ಲು ಕಂಡಿತು. "ಬಿಸಿಲು ಬೀಳೋ ಕಡೆ ಯಾರಿಗೆ ಅಂತ. ಬೆತ್ತ ಹಿಡ್ಕೊಂಡು ರಜಾಯಿ ಬಡೀತಾ ಬಡೀತಾ ಮಾತು. ಯಾರ ಮಗನಿಗೆ ಹೆಣ್ಣು ನೋಡಿದ್ರು, ಯಾರ ಮನೇಲಿ ಕೆಮ್ಮು, ಎಲ್ಲ ಅಲ್ಲೇ ಗೊತ್ತಾಗೋದು."

ಹಪ್ಪಳ ಸಂಡಿಗೆಗೆಂದು ನಮ್ಮ ವಠಾರದ ಹೆಂಗಸರು ತಾರಸಿಯ ಬಿಸಿಲನ್ನು ಹಂಚಿಕೊಳ್ಳುತ್ತಿದ್ದ ಬಗೆಯನ್ನು ನಾನೂ ಹೇಳಿದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. "ಇದನ್ನೇ ಬರಿ," ಎಂದಾಗ ಮಾತ್ರ ಹೌಹಾರಿದಳು. "ಯೂನಿವರ್ಸಿಟಿ ಪ್ರಬಂಧದಲ್ಲಿ ರಜಾಯಿನಾ?"

ಆದರೂ ಬರೆದಳು. ಪುಸ್ತಕದ ವಾಕ್ಯಗಳಲ್ಲಿ ಬೇಕಾದವನ್ನು ಮಾತ್ರ ಉಳಿಸಿಕೊಂಡು, ಉದ್ಧರಣ ಚಿಹ್ನೆಯೊಳಗಿಟ್ಟು, ಪಕ್ಕದಲ್ಲಿ ಬರೆದವರ ಹೆಸರು ಹಾಕಿದಳು. ಬೇಲಿಯ ಮೇಲೆ ಬಿಸಿಲಿನ ಜಾಗ ಹಂಚುವ ನ್ಯಾಯವೇನಿತ್ತೆಂದು ಅವಳಿಗೇ ಗೊತ್ತಿರಲಿಲ್ಲ. ಅಮ್ಮನಿಗೆ ಫೋನ್ ಮಾಡಿದಳು, ಅವರು ಹೇಳಿದರು: ಮನೆಯಲ್ಲಿ ಎಳೆಗೂಸೋ ಕಾಯಿಲೆಯವರೋ ಇದ್ದರೆ ಬಿಸಿಲಿನ ಕಂಬಿ ಅವರದ್ದು, ಉಳಿದವರು ಎಷ್ಟೇ ಜಗಳವಾಡಿದರೂ ಕೊನೆಗೆ ಸರಿದುಕೊಳ್ಳಬೇಕು. ಯಾರೂ ಮಾಡದ, ಎಲ್ಲರೂ ಪಾಲಿಸುತ್ತಿದ್ದ ಕಟ್ಟಳೆ. ಇಡೀ ಪ್ರಬಂಧಕ್ಕೆ ಅದೇ ಬೆನ್ನೆಲುಬಾಯಿತು.

"ಇದು ಯಾರು ಹೇಳಿದ್ದು ಅಂತ ಹಾಕಬೇಕಲ್ಲ," ಎಂದೆ.

ಮಿನ್ ಕುರ್ಚಿಯಲ್ಲೇ ಹಿಂದೆ ಸರಿದಳು. "ಅಮ್ಮನ ಹೆಸರಾ? ಟೀಚರ್, ಅದನ್ನ ನಾನು ಬಾಯಲ್ಲೇ ಹೇಳಿಲ್ಲ. ನಮ್ಮಲ್ಲಿ ಮಕ್ಕಳು ಹೇಳಬಾರದು."

ಪುಸ್ತಕ ಬರೆದವರ ಹೆಸರು ಹಾಕಿ, ಬದುಕಿ ಹೇಳಿದವಳ ಹೆಸರು ಬಿಟ್ಟರೆ ಹೇಗೆ ಎಂದು ಕೇಳಿದೆನೇ ಹೊರತು ಒತ್ತಾಯ ಮಾಡಲಿಲ್ಲ. ಆ ಸಂಕೋಚ ನನ್ನ ಮನೆಯದ್ದೂ ತಾನೆ? ಅಪ್ಪಣೆ ಕೇಳಲು ಅವಳು ಮತ್ತೆ ಅಮ್ಮನಿಗೆ ಫೋನ್ ಮಾಡಿದಳಂತೆ. ಆ ತಾಯಿಯ ಮೊದಲ ಮಾತು, "ಯಾಕೆ, ಪೊಲೀಸಿನೋರು ಕೇಳಿದ್ರಾ?" ಎರಡನೆಯ ಮಾತು, "ಹಾಕೋದಾದ್ರೆ ಸರಿಯಾಗಿ ಬರಿ, ತಪ್ಪಿಲ್ಲದೆ."

ನಿಮ್ಮನ್ನು ಕಾಯಿಸುವ ಆಸೆ ನನಗಿಲ್ಲ. ಪಾಸಾದಳೆಂದು ಈಗಲೇ ಹೇಳಿಬಿಡುತ್ತೇನೆ. ದೊಡ್ಡ ಅಂಕವೇನಲ್ಲ, ಸಾಧಾರಣ. ಕಂಠಪಾಠ ಮಾಡಿದ್ದ ಆ ಸುಂದರ ವಾಕ್ಯಗಳಿಗಾಗಿ ಅವಳು ಕೊನೆಯವರೆಗೂ ಕೊರಗಿದಳು, ಆ ಕೊರಗಿನಲ್ಲೂ ಒಂದು ನ್ಯಾಯವಿತ್ತು. ಕೋರ್ಸು ಉಳಿಯಿತು, ವೀಸಾ ಉಳಿಯಿತು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಪ್ರಬಂಧ ಒಪ್ಪಿಸುವ ಹಿಂದಿನ ದಿನದ ಮಧ್ಯಾಹ್ನ.

ಪದ್ಧತಿಯಂತೆ ಕೊನೆಯ ಓದು. ರಜಾಯಿಯ ಪ್ಯಾರಾಗಳಲ್ಲಿ ಅವಳ ನಾಲಿಗೆ ಎಡವುತ್ತಲೇ ಇತ್ತು. ಅಲ್ಲಿ ನಾನು ಕ್ರಿಯಾಪದಗಳನ್ನು ನೆಟ್ಟಗೆ ಮಾಡಿದೆನೇ ಹೊರತು ನಡಿಗೆಯನ್ನು ಮುಟ್ಟಲಿಲ್ಲ. ಆಮೇಲೆ ಆಕರಪಟ್ಟಿ. ದೊಡ್ಡ ದೊಡ್ಡ ವಿದ್ವಾಂಸರ ಹೆಸರುಗಳನ್ನು ಕಾಮಾ, ಫುಲ್‌ಸ್ಟಾಪ್ ಎನ್ನುತ್ತಾ ಅಂಗಡಿ ಸಾಮಾನಿನ ಹಾಗೆ ಓದಿಕೊಂಡು ಬಂದಳು. ಅಕ್ಷರದ ಸರದಿಯಲ್ಲಿ ಅಮ್ಮನ ಹೆಸರು ಎಲ್ಲರಿಗಿಂತ ಕೆಳಗಿತ್ತು, ಎದುರಿಗೆ ದೂರವಾಣಿ ಸಂದರ್ಶನ ಎಂಬ ಟಿಪ್ಪಣಿ. ಅಲ್ಲಿಗೆ ಬಂದು ನಿಂತಳು. ನಾನೂ ಪೆನ್ಸಿಲು ಎತ್ತಿ ಹಿಡಿದೆ. ಬಿಟ್ಟುಬಿಡು, ನಾನೇ ನೋಡಿಕೊಳ್ಳುತ್ತೇನೆ ಎನ್ನಬೇಕೆನಿಸಿತು, ಅನ್ನಲಿಲ್ಲ. ಮಿನ್ ಬೆನ್ನು ನೇರ ಮಾಡಿಕೊಂಡಳು, ಅಂಗಿಯ ಕಾಲರು ಸರಿಮಾಡಿಕೊಂಡಳು. ಆಮೇಲೆ ಆ ಹೆಸರನ್ನು, ಮಲಗಿದ ಮಗುವಿನ ಹಣೆ ಮುಟ್ಟಿದಷ್ಟು ಮೆಲ್ಲಗೆ ಹೇಳಿದಳು. ತಲೆ ಎತ್ತಿ, ಪಕ್ಕದ ಮನೆಗೂ ಕೇಳಿಸುವಂತೆ, "ಫುಲ್‌ಸ್ಟಾಪ್" ಎಂದಳು.