ಕಮಾನಿನ ಹತ್ತಿರ ಉಳಿದವನು

ಸತ್ತವರು ದಾರಿ ತಪ್ಪುತ್ತಾರೆ ಎಂದರೆ ನಗುತ್ತಿದ್ದವನು ನಾನು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನಗು ಮಾತ್ರ ಬರುವುದಿಲ್ಲ.

ನನ್ನ ತಮ್ಮ ಮುನಿರಾಜ ಹೊಸೂರಿನ ಒಂದು ಗ್ರಾನೈಟ್ ಫ್ಯಾಕ್ಟರಿಯಲ್ಲಿ ಫಿಟ್ಟರ್. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ಕಲ್ಲು ಕೊಯ್ಯುವ ಹೊಸ ಮೆಷಿನ್ ಕೆಲಸ ಕಲಿಯಲೆಂದು ಅವನನ್ನು ಇಟಲಿಯ ದಕ್ಷಿಣದ ಒಂದು ಪುಟ್ಟ ಊರಿಗೆ ಕಳಿಸಿದರು. ಫೋನ್ ಮಾಡಿದಾಗಲೆಲ್ಲ ಊರಿನದೇ ವರ್ಣನೆ. "ಗುಡ್ಡದ್ ಮ್ಯಾಲೆ ಕೋಟೆ ಐತಣ್ಣ, ಥೇಟ್ ನಮ್ ರಾಯಕೋಟೆ ದುರ್ಗನೇ. ಚರ್ಚ್ ಗಂಟೆ ಹೊಡುದ್ರೆ ಪಾರಿವಾಳ ಎಲ್ಲಾ ಒಟ್ಗೇ ಎದ್ಬುಡ್ತವೆ" ಎನ್ನುತ್ತಿದ್ದ. ಅಲ್ಲೇ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕುಸಿದವನು ಏಳಲಿಲ್ಲ. ಇನ್ನೂ ಮದುವೆಯಾಗದ ಹುಡುಗ.

ದೇಹವನ್ನು ತರಿಸುವುದು ನಮ್ಮ ಕೈಲಾಗಲಿಲ್ಲ. ಅಲ್ಲೇ ಸುಟ್ಟರು, ಬೂದಿ ತರಲು ನಾನು ಹೊರಟೆ. ಬಾಗಲೂರಿನ ಮನೆ ಬಾಗಿಲಲ್ಲಿ ಅವ್ವ ಹೇಳಿದ್ದು ಇಷ್ಟೇ: "ತಿರುವು ಬಂದಾಗೆಲ್ಲ ಅವನ್ ಹೆಸರಿಡ್ದು ಯೋಳ್ಲಾ, ಇಂಗ್ ತಿರುಗ್ತೀವಿ ಬಾರಪ್ಪಾ ಅಂತ. ಪರಸ್ಥಳದಾಗೆ ಸತ್ತೋರ್ಗೆ ದಾರಿ ತಿಳಿಯಾಕಿಲ್ಲ." ನಮ್ಮ ಮನೆತನದಲ್ಲಿ ಹಿಂದಿನಿಂದ ನಡೆದು ಬಂದ ಪದ್ಧತಿ ಅದು.

ತಮ್ಮ ಹೇಳಿದ್ದ ಕೋಟೆ, ಚರ್ಚು, ಪಾರಿವಾಳ ಎಲ್ಲ ಅಲ್ಲಿದ್ದವು, ಅವನೊಬ್ಬನನ್ನು ಬಿಟ್ಟು. ಬೂದಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾರು ಹತ್ತಿದೆ. ನಂಬಿಕೆ ಇರಲಿಲ್ಲ, ಅವ್ವನ ಮಾತಿಗಾಗಿ ತಿರುವು ತಿರುವಿಗೂ ಹೇಳುತ್ತಾ ಬಂದೆ. ನಾನು ಪ್ರಾರ್ಥನೆ ಮಾಡುತ್ತಿದ್ದೇನೆ ಅಂದುಕೊಂಡು ಡ್ರೈವರ್ ರೇಡಿಯೋ ಆರಿಸಿದ. ವಿಮಾನ ಹತ್ತುವಾಗಲೂ "ಮ್ಯಾಕ್ಕೋಗ್ತೀವಿ, ಹೆದರ್ಕಬ್ಯಾಡ" ಎಂದೆ. ಹಾಗೆ ಮಾತಾಡುತ್ತಾ ನನಗೇ ಎಷ್ಟೋ ಸಮಾಧಾನವಾಯಿತು.

ಮನೆ ಸೇರಿದಾಗ ಮಧ್ಯಾಹ್ನ. ಅವ್ವ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅದರ ಮೇಲೆ ಕೈಯಾಡಿಸಿದಳು. ಆಮೇಲೆ ಖಾಲಿ ಪಾತ್ರೆ ಇಡುವ ಹಾಗೆ ಅದನ್ನು ಪಕ್ಕಕ್ಕಿಟ್ಟಳು.

"ಇದ್ರಾಗೆ ಅವ್ನಿಲ್ಲ ಕಣ್ಲಾ. ಎಡಕ್ಕೆ ಅಂತ ಯೋಳಿ ಬಲಕ್ಕ್ಯಾಕ್ಲಾ ತಿರುಗ್ದೆ? ಅವ್ನು ಎಡಕ್ಕೋಗ್ಬುಟ್ಟ. ಕಲ್ ಸಿಂಹದ್ ಕಮಾನ್ ತಾವ ನಿಂತವ್ನೆ ನನ್ ಮಗ."

ಅವಳು ಹೇಳಿದ್ದು ನಿಜ. ಇಟಲಿಯ ಆ ಊರಾಚೆ ಒಂದು ಹಳೆಯ ಕಮಾನು, ಅದರ ನೆತ್ತಿಯಲ್ಲಿ ಮುಖ ಸವೆದ ಸಿಂಹ. ಅಲ್ಲಿ ರಸ್ತೆ ಎಡಕ್ಕೆ ಹೋಗುತ್ತದೆಂದು ನಾನು ತಮ್ಮನಿಗೆ ಹೇಳಿಯಾಗಿತ್ತು. ಆದರೆ ಆ ಕಡೆ ರಸ್ತೆ ಅಗೆದಿದ್ದರು, ಡ್ರೈವರ್ ತಟ್ಟನೆ ಬಲಕ್ಕೆ ತಿರುಗಿಸಿದ. ಆ ಸಂಗತಿ ನನಗೇ ಮರೆತುಹೋಗಿತ್ತು. ಯಾರಿಗೂ ಹೇಳಿರಲಿಲ್ಲ. ಕಮಾನಿನ ಸುದ್ದಿಯನ್ನು ತಮ್ಮ ಎಂದಾದರೂ ಫೋನಿನಲ್ಲಿ ಎತ್ತಿದ್ದನೆಂದೇ ಇಟ್ಟುಕೊಳ್ಳೋಣ. ನಾನು ಹೇಳಿದ್ದೊಂದು, ಕಾರು ತಿರುಗಿದ್ದೊಂದು ಎಂಬುದು ಅವಳಿಗೆ ಹೇಗೆ ತಿಳಿಯಬೇಕು?

"ಓಗಿ ಕರ್ಕಂಡ್ ಬಾಲಾ" ಎಂದು ಅವ್ವ ದಿನವೂ ಕೇಳಿದಳು. ನನಗೆ ಮತ್ತೆ ಹೋಗಲಾಗಲಿಲ್ಲ. ಮಾರನೆಯ ವರ್ಷ ಅವಳೇ ಹಾಸಿಗೆ ಹಿಡಿದಳು. ಕೊನೆಯ ದಿನ ನನ್ನ ಕೈ ಸವರಿ, "ನೀನ್ ಬ್ಯಾಡ ಬುಡ್ಲಾ, ನಾನೇ ಓಗಿ ಕರ್ಕಂಡ್ ಬತ್ತೀನಿ" ಅಂದಳು.

ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಕೈ ಬಿಟ್ಟರೆ ದಿಕ್ಕು ತಪ್ಪುತ್ತಿದ್ದ ಅವ್ವ, ದಾರಿ ಯಾವುದೆಂದು ನನ್ನನ್ನು ಕೇಳಲೇ ಇಲ್ಲ.