ಅಕ್ಕ ತಮ್ಮ ಎನ್ನುವುದಕ್ಕೆ ಸಾಕ್ಷಿ

ಆ ವರ್ಷಗಳಲ್ಲಿ ನನಗೂ ತಮ್ಮನಿಗೂ ಕೂತು ಮಾತಾಡಲು ಒಂದು ಜಾಗ ಇರಲಿಲ್ಲ. ನಾನು ಮಣಿಪಾಲದಲ್ಲಿ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಭಾನುವಾರ ಬೆಳಿಗ್ಗೆಯೂ ಡ್ಯೂಟಿ ಇರುತ್ತಿದ್ದುದರಿಂದ ಕಾಪುವಿನ ಮನೆಗೆ ಹೋಗುವುದು ಅಪರೂಪ. ಉಳಿದುಕೊಂಡಿದ್ದ ಲೇಡೀಸ್ ಹಾಸ್ಟೆಲಿನಲ್ಲಿ ಗಂಡಸರು, ಅಪ್ಪನೇ ಆಗಲಿ, ಗೇಟು ದಾಟುವ ಹಾಗಿರಲಿಲ್ಲ. ತಮ್ಮನಿಗೆ ಕಾರ್ಕಳದ ಕಡೆ ಕಲ್ಲು ಪಾಲಿಶ್ ಮಾಡುವ ಫ್ಯಾಕ್ಟರಿಯಲ್ಲಿ ಕೆಲಸ. ಶನಿವಾರ ಮನೆಗೆ ಹೋದವನು ಭಾನುವಾರ ಮಧ್ಯಾಹ್ನ ಕಾರ್ಕಳಕ್ಕೆ ಹಿಂದಿರುಗುವಾಗ ಅಮ್ಮ ಕಟ್ಟಿಕೊಟ್ಟ ತಿಂಡಿಯ ಡಬ್ಬಿಯೊಂದಿಗೆ ಮಣಿಪಾಲದಲ್ಲಿ ಇಳಿಯುತ್ತಿದ್ದ. ನಾವು ಊರಿನ ಅಂಚಿನಲ್ಲಿದ್ದ ಪಾರ್ಕಿಗೆ ನಡೆದುಹೋಗಿ ಅದನ್ನು ಹಂಚಿಕೊಂಡು ತಿನ್ನುತ್ತಿದ್ದೆವು.

ತುಂಬ ಚೊಕ್ಕವಾಗಿ ಇಟ್ಟುಕೊಂಡಿದ್ದ ಪಾರ್ಕು ಅದು. ಗುಡ್ಡದ ಓರೆಗೆ ಹೊಂದಿಕೊಂಡು ಸುತ್ತುವ ದಾರಿಗಳು, ಎರಡೂ ಬದಿಗೆ ಸಾಲಾಗಿ ಹೂತ ಕೆಂಪು ಕಲ್ಲು, ಸಮನಾಗಿ ಕತ್ತರಿಸಿದ ಹುಲ್ಲು. ತಮ್ಮ ಹುಲ್ಲಿನ ಮೇಲೆ ಕಾಲಿಡುತ್ತಿರಲಿಲ್ಲ, ನನ್ನನ್ನೂ ಇಡಲು ಬಿಡುತ್ತಿರಲಿಲ್ಲ. ಆ ದಾರಿಗಳಲ್ಲಿ ನಡೆಯುತ್ತಾ ಅವನು ವಾರದ ಸುದ್ದಿಯನ್ನೆಲ್ಲ ಹೇಳುತ್ತಿದ್ದ. ಬೇರೆಯವರ ಎದುರು ಅವನಿಗೆ ಮಾತು ಸಿಕ್ಕಿಹಾಕಿಕೊಳ್ಳುತ್ತಿತ್ತು. ನನ್ನ ಹತ್ತಿರ ಮಾತ್ರ ಸರಾಗ. ನಮ್ಮ ಮನೆಯಲ್ಲಿ ಆ ತೊಂದರೆಗೆ ಒಂದು ಹೆಸರು ಉಂಟೆನ್ನುವುದನ್ನೇ ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ಅವನು ತಡವರಿಸಿದರೆ ಅಮ್ಮ ಒಲೆಯ ಕಡೆ ತಿರುಗಿ ಕಾಯುತ್ತಿದ್ದಳು, ಅಷ್ಟೆ.

ಆ ಭಾನುವಾರ ಇಳಿಜಾರಿನಲ್ಲಿ ನನ್ನ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಅವನು ನನ್ನಿಂದ ಸೇಫ್ಟಿ ಪಿನ್ ಕೇಳಿ ತೆಗೆದುಕೊಂಡು, ಮಣ್ಣಿನಲ್ಲಿ ಮಂಡಿಯೂರಿ, ನನ್ನ ಪಾದವನ್ನು ತನ್ನ ತೊಡೆಯ ಮೇಲಿಟ್ಟು ಪಟ್ಟಿ ಸಿಕ್ಕಿಸುತ್ತಿದ್ದ. ನಾನು ಬೀಳದ ಹಾಗೆ ಅವನ ಭುಜ ಹಿಡಿದುಕೊಂಡು ನಗುತ್ತಿದ್ದೆ. ತಿರುವಿನಿಂದ ಗಂಡ ಹೆಂಡತಿ ಬಂದರು. ಅಪ್ಪನಿಗಿಂತ ಸ್ವಲ್ಪ ಹಿರಿಯರು, ಇಬ್ಬರ ಕಾಲಲ್ಲೂ ಬಿಳಿ ಶೂ. ದಿನಾ ವಾಕಿಂಗ್ ಬರುವ ಮರ್ಯಾದಸ್ಥರು ಎಂದು ನೋಡಿದರೇ ತಿಳಿಯುತ್ತಿತ್ತು.

“ಇದು ಫ್ಯಾಮಿಲಿಯವರು ಬರುವ ಜಾಗ,” ಎಂದರು ಗಂಡ.

ನಾವೂ ಫ್ಯಾಮಿಲಿಯೇ, ಇವ ನನ್ನ ತಮ್ಮ ಎಂದೆ. ಸಿಕ್ಕಿಬಿದ್ದವರೆಲ್ಲ ಹೀಗೆಯೇ ಹೇಳುವುದು ಎಂದರು ಅವರು. ಯಾವ ಹಾಸ್ಟೆಲ್ ಎಂದು ಕೇಳಿದರು. ಆ ಕ್ಷಣಕ್ಕೆ ಸುಳ್ಳು ಹೇಳಲು ತೋಚದೆ ನಿಜವನ್ನೇ ಹೇಳಿಬಿಟ್ಟೆ. ಅಲ್ಲಿನ ವಾರ್ಡನ್ ತನಗೆ ಪರಿಚಯ, ಮನೆಗೆ ಹೋದ ಕೂಡಲೇ ಫೋನ್ ಮಾಡುತ್ತೇನೆ ಎಂದರು. ಹಿಂದೊಮ್ಮೆ ಇಂಥದ್ದೇ ಒಂದು ಫೋನು ಬಂದ ಮರುದಿನ ಒಬ್ಬ ಹುಡುಗಿ ಟ್ರಂಕು ಎತ್ತಿಕೊಂಡು ಹೋಗಿದ್ದನ್ನು ನಾನು ನೋಡಿದ್ದೆ. ಅಲ್ಲಿಂದ ಸುಮ್ಮನೆ ನಡೆದುಬಿಡುವ ಧೈರ್ಯ ಹೋಯಿತು.

ಅವರು ತಮ್ಮನ ಕಡೆ ತಿರುಗಿದರು. “ನೀನು ಹೇಳು. ನಿನ್ನ ತಂದೆಯ ಹೆಸರೆಂತ?”

ತಮ್ಮ ಎದ್ದು ನಿಂತ. ಬಾಯಿ ತೆರೆದ. ಹೆಸರು ಬರಲಿಲ್ಲ. ಅವನಿಗೆ ಎಲ್ಲಕ್ಕಿಂತ ಕಷ್ಟವಾಗುತ್ತಿದ್ದುದು ಹೆಸರುಗಳೇ. ನಾನು ಹೇಳಲು ಹೊರಟೆ.

“ನೀನು ಹೇಳಬೇಡ. ಅವನೇ ಹೇಳಲಿ.”

ಕಣ್ಣು ಮುಚ್ಚಿ, ಬಲಗಾಲಿನಿಂದ ನೆಲವನ್ನು ಮೆಲ್ಲಗೆ ಕುಟ್ಟುತ್ತಾ ಅವನು ಮತ್ತೆ ಪ್ರಯತ್ನಿಸಿದ. ಕತ್ತಿನ ನರ ಉಬ್ಬಿತು. ಓಡುತ್ತಾ ಬಂದ ಇಬ್ಬರು ಕಾಲೇಜು ಹುಡುಗರು ನಿಂತು ನೋಡತೊಡಗಿದರು. “ಅಪ್ಪನ ಹೆಸರಿಗೆ ಇಷ್ಟು ಯೋಚನೆಯಾ?” ಎಂದು ಆ ಮನುಷ್ಯ ಹೆಂಡತಿಯ ಮುಖ ನೋಡಿದರು.

“ಅವನಿಗೆ ಉಗ್ಗು ಉಂಟು ಅಂಕಲ್,” ಎಂದೆ.

ಇಪ್ಪತ್ತು ವರ್ಷ ಮನೆಯವರೆಲ್ಲ ನುಂಗಿಕೊಂಡಿದ್ದ ಮಾತನ್ನು ನಾನು ಗುರುತಿಲ್ಲದವರ ಮುಂದೆ ಹೇಳಿದೆ. ತಮ್ಮ ಬಾಯಿ ಮುಚ್ಚಿದ. ಆಮೇಲೆ ಪ್ರಯತ್ನಿಸಲೂ ಇಲ್ಲ.

ಆ ಹೆಂಗಸು ಹತ್ತಿರ ಬಂದು ನನ್ನ ಕೂದಲನ್ನು ಬೆರಳಿನಿಂದ ಹಿಂದೆ ಸರಿಸಿದಳು. “ಇಲ್ಲಿ ನೋಡಿ, ಕಿವಿ. ಇಬ್ಬರದ್ದೂ ಒಂದೇ ಹಾಗೆ ಹೊರಗೆ ಬಂದಿದೆ.” ಗಂಡ ಕನ್ನಡಕ ಸರಿಮಾಡಿಕೊಂಡರು. ಪಕ್ಕ ಪಕ್ಕ ನಿಲ್ಲಲು ಹೇಳಿದರು. ನಿಂತೆವು. ಆ ಕಡೆ ತಿರುಗಿ ಎಂದರು. ತಿರುಗಿದೆವು. ಸಂತೆಯಲ್ಲಿ ದನದ ಹಲ್ಲು ನೋಡುವವರ ಹಾಗೆ ಒಮ್ಮೆ ಅವನ ಕಿವಿ, ಒಮ್ಮೆ ನನ್ನ ಕಿವಿ ನೋಡಿದರು. ಹುಡುಗರಲ್ಲಿ ಒಬ್ಬ ನಕ್ಕ.

ಸರಿ, ಅಕ್ಕ ತಮ್ಮನೇ ಇರಬೇಕು ಎಂದು ತೀರ್ಮಾನವಾಯಿತು. ಹೆಂಗಸು ನನ್ನ ಕೆನ್ನೆ ತಟ್ಟಿ, ಬೇಜಾರು ಮಾಡಬೇಡ, ಈಗ ಕಾಲ ಸರಿಯಿಲ್ಲ, ನಮ್ಮ ಮಕ್ಕಳ ಹಾಗೆ ಎಂದು ಕೇಳಿದ್ದು ಎಂದಳು.

“ಥ್ಯಾಂಕ್ಸ್ ಆಂಟಿ,” ಎಂದೆ ನಾನು. ನಕ್ಕೆ ಕೂಡ.

ಗೇಟಿನವರೆಗೆ ತಮ್ಮ ಬಹಳ ಮುಂದೆ ನಡೆದ. ನಾನು ಒಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹಿಂದೆ. ಎದುರು ಬರುವವರೆಲ್ಲ ನಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಅವನು ದೂರ ನಡೆಯುತ್ತಿರುವುದೇ ಒಳ್ಳೆಯದಾಯಿತು ಎಂದು ಒಳಗೊಳಗೇ ಸಮಾಧಾನವಾಗಿದ್ದು ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಅವನು ಡಬ್ಬಿಯನ್ನು ನನ್ನ ಕೈಗಿತ್ತ. ಮುಚ್ಚಳ ತೆಗೆದಿರಲಿಲ್ಲ.

“ಅಕ್ಕ, ಅವರಿಗೆ ಥ್ಯಾಂಕ್ಸ್ ಹೇಳಿದ್ದು ಯಾಕೆ?”

ಹೆದರಿಕೆಯಾಯಿತು ಎಂದೆ.

“ನನಗೂ ಆಯಿತು,” ಎಂದ. ಕಾರ್ಕಳದ ಬಸ್ಸು ಬಂತು. ನಾನು ನಿಂತ ಕಡೆಯ ಕಿಟಕಿಯ ಪಕ್ಕ ಸೀಟು ಖಾಲಿ ಇದ್ದರೂ ಅವನು ಆಚೆ ಬದಿಗೆ ಹೋಗಿ ಕೂತ.

ವಾರ್ಡನ್‌ಗೆ ಯಾರೂ ಫೋನ್ ಮಾಡಲಿಲ್ಲ. ಅಮ್ಮನಿಗೆ ನಾವಿಬ್ಬರೂ ಏನೂ ಹೇಳಲಿಲ್ಲ. ಮುಂದಿನ ಭಾನುವಾರಗಳಲ್ಲಿ ಅವನು ಹಾಸ್ಟೆಲ್ ಗೇಟಿನ ಹೊರಗೆ ನಿಂತು ಡಬ್ಬಿ ಕೊಟ್ಟು, ಹಿಂದಿನ ವಾರದ ಖಾಲಿ ಡಬ್ಬಿ ಇಸಿದುಕೊಂಡು, ಕೂಡಲೇ ಬಸ್ಸಿಗೆ ಹೋಗುತ್ತಿದ್ದ. ವಾರದ ಸುದ್ದಿ ಉಳಿದೇಹೋಗುತ್ತಿತ್ತು. ಮರುವರ್ಷ ನಾನು ಜೊತೆಯ ಟೆಕ್ನಿಶಿಯನ್ ಒಬ್ಬಳೊಂದಿಗೆ ಉಡುಪಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಮೊದಲ ಸಲ ಬಂದವನು ಚಾಪೆಯ ಮೇಲೆ ಕಾಲು ಚಾಚಿ ಕೂತು ಗೋಡೆಗೊರಗಿ ಫ್ಯಾಕ್ಟರಿಯ ಕಥೆ ಶುರುಮಾಡಿದ. ಕತ್ತಲಾಗುವವರೆಗೂ ಮಾತಾಡಿದೆವು, ಪಾರ್ಕಿನದೊಂದನ್ನು ಬಿಟ್ಟು. ಅವರ ಮುಂದೆ ಉಗ್ಗು ಎಂದುಬಿಟ್ಟಿದ್ದಕ್ಕೆ ಕ್ಷಮೆ ಕೇಳಬೇಕೆಂದು ಅವತ್ತು ಎರಡು ಸಲ ಬಾಯಿ ತೆರೆದೆ. ಅವನು ನಗುತ್ತಿದ್ದ. ಹಾಗಾಗಿ ಚಹಾ ಮಾಡಲು ಎದ್ದೆ.